ಜಾಲವನ್ನು ಪ್ರಶ್ನಿಸುವ ವಿದ್ಯೆ

ಈ ಪತ್ರಿಕೆಯ ಕಾರ್ಯಕ್ರಮ ಪುಟಗಳನ್ನು ಒಮ್ಮೆ ತಿರುವಿ ನೋಡಿರಿ. ಒಂದು ಕಡೆ ವೇಳೆ, ಅದರ ಪಕ್ಕದಲ್ಲಿ ಕಾರ್ಯಕ್ರಮದ ಹೆಸರು, ಅದರ ಮುಂದೆ ಹಾಡುವವರ ಅಥವಾ ಮಾತನಾಡುವವರ ಹೆಸರು. ಹೀಗೆ ಎಲ್ಲವೂ ಸಾಲು ಸಾಲಾಗಿ ಕುಳಿತಿರುತ್ತದೆ. “ಈ ವಾರ ರಾತ್ರಿ ಒಂಬತ್ತರ ಮೇಲೆ ಯಾವ ಯಾವ ದಿನ ವೀಣೆ ಇದೆ?” ಎಂದು ಮನೆಯ ಹಿರಿಯರು ಕೇಳಿದರೆ, ಮಕ್ಕಳು ವೇಳೆಯ ಸಾಲಿನ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತ ಅರ್ಧ ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ಸಂಗೀತದ ಜ್ಞಾನವಾಗಲಿ ಗಣಿತದ ಜ್ಞಾನವಾಗಲಿ ಇದಕ್ಕೆ ಬೇಕಿಲ್ಲ. ಮಾಹಿತಿಯನ್ನು ಕೋಷ್ಟಕದಲ್ಲಿ ಜೋಡಿಸಿಟ್ಟಿರುವುದರಿಂದಲೇ ಪ್ರಶ್ನೆ ಸುಲಭವಾಯಿತು.

ಈಗ ಇದೇ ಸಂಗತಿಯನ್ನು ಹತ್ತು ಮಂದಿ ಹತ್ತು ಕಾಗದಗಳಲ್ಲಿ ತಮಗೆ ತೋಚಿದಂತೆ ಬರೆದಿದ್ದಾರೆಂದು ಭಾವಿಸಿರಿ. ಒಬ್ಬರು ವೀಣೆಯ ವಿಷಯ ಬರೆದು ವೇಳೆಯನ್ನು ಮರೆತಿದ್ದಾರೆ. ಇನ್ನೊಬ್ಬರು “ಉಳಿದ ವಿವರಕ್ಕೆ ರಾಯರ ಕಾಗದ ನೋಡಿ” ಎಂದು ಮುಗಿಸಿದ್ದಾರೆ. ರಾಯರ ಕಾಗದದಲ್ಲಿ ಮತ್ತೆ ಮೂವರ ಕಾಗದಗಳತ್ತ ಕೈ ತೋರಿಸಿದೆ. ಆಗ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕಲು ಅರ್ಧ ದಿನವೂ ಸಾಲದು. ನಾವಿಂದು ‘ವೆಬ್’ ಎಂದು ಕರೆಯುವ ವಿಶ್ವವ್ಯಾಪಿ ಜಾಲವು ಬಹುಮಟ್ಟಿಗೆ ಇಂಥ ಕಾಗದಗಳ ರಾಶಿಯೇ. ಆ ರಾಶಿಯಿಂದ ಬರಿಯ ಪುಟಗಳ ಪಟ್ಟಿಯನ್ನಲ್ಲದೆ ಖಚಿತವಾದ ಉತ್ತರವನ್ನು ಪಡೆಯುವುದು ಹೇಗೆ? ಈ ಪ್ರಶ್ನೆಗಾಗಿ ದುಡಿದ ಗಣಕ ವಿಜ್ಞಾನಿಗಳಲ್ಲಿ ಆಲ್ಬರ್ಟೊ ಮೆಂಡೆಲ್ಜೋನ್ ಒಬ್ಬರು. ಅವರ ಕೆಲಸವನ್ನು ಹಿಡಿದುಕೊಂಡು ಈ ವಿದ್ಯೆಯ ಪರಿಚಯವನ್ನು ಮಾಡಿಕೊಳ್ಳೋಣ.

ಕೋಷ್ಟಕದ ಕಾಲ

ಮೊದಲು ಜಾಲಕ್ಕಿಂತ ಹಿಂದಿನ ಸ್ಥಿತಿಯನ್ನು ತಿಳಿಯಬೇಕು. ಒಂದು ಕಾಲದಲ್ಲಿ ಗಣಕಯಂತ್ರದಲ್ಲಿಟ್ಟ ಮಾಹಿತಿಯನ್ನು ಹೊರತೆಗೆಯಬೇಕಾದರೆ, ಅದು ಯಂತ್ರದೊಳಗೆ ಎಲ್ಲಿದೆ, ಯಾವ ದಾರಿಯಿಂದ ಅಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಕೇಳುವವನೇ ವಿವರಿಸಬೇಕಾಗಿದ್ದಿತು. ಉಗ್ರಾಣದಲ್ಲಿರುವ ಬೆಲ್ಲ ಬೇಕೆಂದರೆ “ಮೂರನೆಯ ಬಾಗಿಲು ತೆಗೆ, ಎಡಕ್ಕೆ ತಿರುಗು, ಎರಡನೆಯ ಗೂಡಿನಲ್ಲಿ ಕೈಹಾಕು” ಎಂದು ಹೇಳಿದ ಹಾಗೆ. ಯಾರಾದರೂ ಡಬ್ಬದ ಜಾಗ ಬದಲಿಸಿದರೆ ಹೇಳಿದ ಮಾತೆಲ್ಲ ವ್ಯರ್ಥ.

೧೯೭೦ರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬುವರು ಒಂದು ಹೊಸ ಕ್ರಮವನ್ನು ಸೂಚಿಸಿದರು. ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಇಡಿ. ಕೇಳುವವನು ತನಗೆ ಏನು ಬೇಕೆಂಬುದನ್ನಷ್ಟೇ ಹೇಳಲಿ. ಅದನ್ನು ಹೇಗೆ ತರಬೇಕೆಂಬುದು ಯಂತ್ರದ ಹೊಣೆಯಾಗಿರಲಿ ಎಂಬುದೇ ಆ ಕ್ರಮದ ಸಾರ. ಬೆಲ್ಲ ಬೇಕೆಂದರೆ ಸಾಕು, ಗೂಡಿನ ಲೆಕ್ಕ ಬೇಡ. ಈ ತತ್ತ್ವದ ಮೇಲೆ ೧೯೭೪ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬಿಬ್ಬರು ಒಂದು ಪ್ರಶ್ನೆಯ ಭಾಷೆಯನ್ನು ರಚಿಸಿದರು. ಅದೇ ಮುಂದೆ ‘ಎಸ್.ಕ್ಯೂ.ಎಲ್.’ ಎಂದು ಪ್ರಸಿದ್ಧವಾಯಿತು. ಬ್ಯಾಂಕಿನ ಖಾತೆಗಳು, ಅಂಗಡಿಯ ದಾಸ್ತಾನು, ಶಾಲೆಯ ಅಂಕಪಟ್ಟಿ ಮೊದಲಾದವುಗಳನ್ನು ಗಣಕಯಂತ್ರದಿಂದ ಕೇಳಿ ಪಡೆಯಲು ಇಂದಿಗೂ ಈ ಭಾಷೆಯೇ ವಿಶೇಷವಾಗಿ ಬಳಕೆಯಲ್ಲಿದೆ.

ಆದರೆ ಕೋಷ್ಟಕಕ್ಕೆ ಒಂದು ಮಿತಿಯುಂಟು. ಒಂದು ದೊಡ್ಡ ಮನೆತನದ ವಂಶಾವಳಿಯನ್ನು ‘ತಂದೆ’, ‘ಮಗು’ ಎಂಬ ಎರಡು ಅಂಕಣಗಳ ಕೋಷ್ಟಕವಾಗಿ ಬರೆದಿದ್ದೇವೆ ಎನ್ನಿ. ನಿಮ್ಮ ತಂದೆ ಯಾರೆಂದು ತಿಳಿಯಲು ಕೋಷ್ಟಕವನ್ನು ಒಮ್ಮೆ ನೋಡಿದರಾಯಿತು. ಅಜ್ಜನನ್ನು ತಿಳಿಯಲು ಎರಡು ಬಾರಿ, ಮುತ್ತಜ್ಜನನ್ನು ತಿಳಿಯಲು ಮೂರು ಬಾರಿ ನೋಡಬೇಕು. “ಈ ಮೂಲಪುರುಷನ ವಂಶದಲ್ಲಿ ಹುಟ್ಟಿದವರೆಲ್ಲ ಯಾರು ಯಾರು?” ಎಂದು ಕೇಳಿದರೆ ಎಷ್ಟು ಬಾರಿ ನೋಡಬೇಕು? ತಲೆಮಾರುಗಳು ಎಷ್ಟೆಂದು ಮೊದಲೇ ಗೊತ್ತಿಲ್ಲದಿರುವಾಗ ಸಂಖ್ಯೆಯನ್ನು ಹೇಳುವಂತಿಲ್ಲ. ಕಾಡ್ ಅವರ ಮೂಲಕ್ರಮದಲ್ಲಿ ಇಂಥ ಪ್ರಶ್ನೆಯನ್ನು ಕೇಳುವುದಕ್ಕೇ ಬಾರದು ಎಂದು ೧೯೭೯ರಲ್ಲಿ ಆಲ್‌ಫ್ರೆಡ್ ಏಹೋ ಮತ್ತು ಜೆಫ್ರಿ ಉಲ್‌ಮನ್ ಎಂಬ ವಿದ್ವಾಂಸರು ಸಿದ್ಧಪಡಿಸಿ ತೋರಿಸಿದರು. ಎಸ್.ಕ್ಯೂ.ಎಲ್. ಭಾಷೆಯ ಅಧಿಕೃತ ನಿಯಮಾವಳಿಗೆ ಈ ಸಾಮರ್ಥ್ಯ ಸೇರಿದ್ದು ೧೯೯೯ರಲ್ಲಿ. ಎಂದರೆ ಇಪ್ಪತ್ತು ವರ್ಷಗಳ ನಂತರ.

ನಂಟಿನ ಭಾಷೆ

ಮೆಂಡೆಲ್ಜೋನ್ ಹುಟ್ಟಿದ್ದು ೧೯೫೧ರಲ್ಲಿ, ಅರ್ಜೆಂಟೀನ ದೇಶದ ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದಲ್ಲಿ. ಅಲ್ಲಿ ವ್ಯಾಸಂಗ ಮಾಡಿ, ಮುಂದೆ ಅಮೆರಿಕದ ಪ್ರಿನ್‌ಸ್ಟನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಈಗ ಹೇಳಿದ ಉಲ್‌ಮನ್ ಅವರ ಶಿಷ್ಯರಾಗಿ ೧೯೭೯ರಲ್ಲಿ ಡಾಕ್ಟರೇಟ್ ಪಡೆದರು. ೧೯೮೦ರಲ್ಲಿ ಕೆನಡದ ಟೊರಾಂಟೊ ವಿಶ್ವವಿದ್ಯಾನಿಲಯವನ್ನು ಸೇರಿ, ಕಡೆಯವರೆಗೂ ಅಲ್ಲಿಯೇ ಅಧ್ಯಾಪಕರಾಗಿದ್ದರು. ಗುರು ತೋರಿಸಿದ ಕೊರತೆಯನ್ನೇ ಶಿಷ್ಯರು ಮುಂದಿನ ಕೆಲಸಕ್ಕೆ ಮೆಟ್ಟಿಲು ಮಾಡಿಕೊಂಡರು ಎನ್ನಬಹುದು.

ಅವರು ಮಾಹಿತಿಯನ್ನು ಕೋಷ್ಟಕವಾಗಿ ನೋಡುವ ಬದಲು ಚುಕ್ಕೆ ಮತ್ತು ಗೆರೆಗಳ ಚಿತ್ರವಾಗಿ ನೋಡಿದರು. ಒಬ್ಬೊಬ್ಬ ವ್ಯಕ್ತಿ ಒಂದೊಂದು ಚುಕ್ಕೆ. ಇಬ್ಬರ ನಡುವಣ ಸಂಬಂಧ ಒಂದು ಗೆರೆ. ಗೆರೆಯ ಮೇಲೆ ಸಂಬಂಧದ ಹೆಸರು. ಪ್ರಶ್ನೆಯೆಂದರೆ ಆ ಗೆರೆಗಳ ಮೇಲೆ ನಡೆಯುವ ದಾರಿಯ ವರ್ಣನೆ. ಈ ಬಗೆಯ ಒಂದು ಭಾಷೆಯನ್ನು ೧೯೮೭ರಲ್ಲಿ ಇಸಬೆಲ್ ಕ್ರೂಜ್ ಮತ್ತು ಪೀಟರ್ ವುಡ್ ಎಂಬುವರೊಡನೆ ಸೇರಿ ಅವರು ಪ್ರಕಟಿಸಿದರು.

ನಮ್ಮ ಮನೆಗಳಲ್ಲಿ ಈ ಭಾಷೆ ಹೊಸದೇನಲ್ಲ. ಮದುವೆಮನೆಯಲ್ಲಿ ಅಪರಿಚಿತರೊಬ್ಬರು ಕಂಡರೆ “ಅವರು ನಮಗೆ ಏನಾಗಬೇಕು?” ಎಂದು ಕೇಳುತ್ತೇವೆ. “ನಿಮ್ಮ ಚಿಕ್ಕಮ್ಮನ ಓರಗಿತ್ತಿಯ ತಮ್ಮ” ಎಂದು ಅಜ್ಜಿ ಉತ್ತರ ಕೊಡುತ್ತಾರೆ. ಆ ಉತ್ತರ ಒಂದು ದಾರಿಯಲ್ಲದೆ ಮತ್ತೇನು? ನಿಮ್ಮಿಂದ ಹೊರಟು ಚಿಕ್ಕಮ್ಮನಲ್ಲಿಗೆ ಒಂದು ಹೆಜ್ಜೆ. ಅಲ್ಲಿಂದ ಓರಗಿತ್ತಿಯಲ್ಲಿಗೆ ಎರಡನೆಯದು. ಅಲ್ಲಿಂದ ತಮ್ಮನಲ್ಲಿಗೆ ಮೂರನೆಯದು. ‘ಸೋದರಮಾವ’ ಎಂಬ ಒಂದೇ ಮಾತಿನಲ್ಲಿ ‘ತಾಯಿ, ಅನಂತರ ಆಕೆಯ ಸೋದರ’ ಎಂಬ ಎರಡು ಹೆಜ್ಜೆಗಳು ಅಡಗಿವೆ. ‘ಷಡ್ಡಕ’ ಎಂಬುದರಲ್ಲಿ ಮೂರು: ಹೆಂಡತಿ, ಅವಳ ಸೋದರಿ, ಆಕೆಯ ಗಂಡ.

ಮೆಂಡೆಲ್ಜೋನ್ ಮತ್ತು ಅವರ ಸಂಗಡಿಗರು ಇಂಥ ದಾರಿಗಳನ್ನು ಹೇಳಲು ಮೂರು ಸರಳವಾದ ಉಪಾಯಗಳನ್ನು ಬಳಸಿದರು. ‘ಇದಾದ ಮೇಲೆ ಅದು’ ಎಂಬುದು ಮೊದಲನೆಯದು. ‘ಇದು ಅಥವಾ ಅದು’ ಎಂಬುದು ಎರಡನೆಯದು. ‘ಇದೇ ಹೆಜ್ಜೆ ಎಷ್ಟು ಬಾರಿಯಾದರೂ’ ಎಂಬುದು ಮೂರನೆಯದು. ಈ ಮೂರನೆಯ ಉಪಾಯದಲ್ಲಿಯೇ ಇದರ ಬಲವೆಲ್ಲ ಇದೆ. ‘ಮಗ ಅಥವಾ ಮಗಳು, ಎಷ್ಟು ಬಾರಿಯಾದರೂ’ ಎಂದುಬಿಟ್ಟರೆ ಮೂಲಪುರುಷನ ವಂಶವೆಲ್ಲ ಎದುರಿಗೆ ಬಂದು ನಿಲ್ಲುತ್ತದೆ. ಕೋಷ್ಟಕದ ಹಳೆಯ ಕ್ರಮಕ್ಕೆ ನಿಲುಕದ ಪ್ರಶ್ನೆ ಇಲ್ಲಿ ಅರ್ಧ ಸಾಲಿನಲ್ಲಿ ಮುಗಿಯಿತು.

ಒಂದು ಎಚ್ಚರಿಕೆ

ಕೇಳುವುದು ಸುಲಭವಾದ ಮಾತ್ರಕ್ಕೆ ಉತ್ತರಿಸುವುದೂ ಸುಲಭವೆಂದಲ್ಲ. ಇದು ಮೆಂಡೆಲ್ಜೋನ್ ಅವರ ಸಂಶೋಧನೆಯ ಬಹು ಮುಖ್ಯವಾದ ಭಾಗ. ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಬಡಾವಣೆಯಲ್ಲಿ ೨೦ ಮಂದಿ ಇದ್ದಾರೆ. ಎಲ್ಲರಿಗೂ ಎಲ್ಲರ ಪರಿಚಯವಿದೆ. ಮೊದಲ ಮನೆಯವರಿಂದ ಕೊನೆಯ ಮನೆಯವರಿಗೆ ಒಂದು ಸುದ್ದಿ ಬಾಯಿಂದ ಬಾಯಿಗೆ ತಲಪಬೇಕು. “ತಲಪುವುದು ಸಾಧ್ಯವೆ?” ಎಂಬುದು ಒಂದು ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವುದು ಕಷ್ಟವಲ್ಲ. ಸುದ್ದಿ ಮುಟ್ಟಿದವರ ಹೆಸರಿನ ಮುಂದೆ ಒಂದೊಂದು ಗುರುತು ಹಾಕುತ್ತ ಹೋದರೆ ೨೦ ಗುರುತುಗಳಲ್ಲಿ ಕೆಲಸ ಮುಗಿಯುತ್ತದೆ. ನೋಡಬೇಕಾದ ಪರಿಚಯಗಳು ಒಟ್ಟು ೧೯೦ ಮಾತ್ರ.

“ಒಬ್ಬರ ಬಾಯಿಗೆ ಎರಡು ಬಾರಿ ಬಾರದಂತೆ ಸುದ್ದಿ ಎಷ್ಟು ಬೇರೆ ಬೇರೆ ದಾರಿಗಳಿಂದ ತಲಪಬಹುದು?” ಎಂಬುದು ಇನ್ನೊಂದು ಪ್ರಶ್ನೆ. ಕೇಳಲು ಎರಡೂ ಅಕ್ಕತಂಗಿಯರಂತೆ ಇವೆ. ಆದರೆ ಲೆಕ್ಕ ಮಾಡಿ ನೋಡಿ. ಬಡಾವಣೆಯಲ್ಲಿ ೫ ಮಂದಿಯಿದ್ದರೆ ದಾರಿಗಳು ೧೬. ಅದು ೧೦ ಮಂದಿಗೆ ೧,೦೯,೬೦೧ ಆಗುತ್ತದೆ. ೨೦ ಮಂದಿಯಾದರೆ ಸುಮಾರು ೧೭,೪೦೦ ಲಕ್ಷ ಕೋಟಿ! ಸೆಕೆಂಡಿಗೆ ಹತ್ತು ಲಕ್ಷ ದಾರಿಗಳನ್ನು ಎಣಿಸುವ ಯಂತ್ರವನ್ನು ಕೂರಿಸಿದರೂ, ಒಂದೊಂದಾಗಿ ಎಣಿಸಿ ಮುಗಿಸಲು ಅದಕ್ಕೆ ಸುಮಾರು ೫೫೦ ವರ್ಷಗಳು ಬೇಕು. ಇಪ್ಪತ್ತೇ ಮಂದಿಯ ಬಡಾವಣೆಯ ಗತಿ ಇದಾದರೆ ಕೋಟ್ಯಂತರ ಪುಟಗಳ ಜಾಲದ ಗತಿಯೇನು?

ಎಣಿಸುವುದು ಬೇಡ, ಒಂದೇ ಒಂದು ದಾರಿ ಸಿಕ್ಕರೆ ಸಾಕು ಎಂದರೂ ಕಷ್ಟ ತಪ್ಪದ ಸಂದರ್ಭಗಳಿವೆ. ೧೯೮೯ರಲ್ಲಿ ಮೆಂಡೆಲ್ಜೋನ್ ಮತ್ತು ಪೀಟರ್ ವುಡ್ ಅದನ್ನು ತೋರಿಸಿಕೊಟ್ಟರು. ಎಲ್ಲ ರಸ್ತೆಗಳೂ ಏಕಮುಖವಾಗಿರುವ ಒಂದು ಊರನ್ನು ಕಲ್ಪಿಸಿಕೊಳ್ಳಿ. ಒಂದು ವೃತ್ತದಿಂದ ಇನ್ನೊಂದು ವೃತ್ತಕ್ಕೆ ಹೋಗಬೇಕು; ಹಾದುಹೋಗುವ ರಸ್ತೆಗಳ ಸಂಖ್ಯೆ ಎರಡು, ನಾಲ್ಕು, ಆರು, ಹೀಗೆ ಸಮಸಂಖ್ಯೆಯಾಗಿರಬೇಕು. ಒಂದೇ ವೃತ್ತದಲ್ಲಿ ಎರಡು ಬಾರಿ ಹಾದರೂ ಚಿಂತೆಯಿಲ್ಲ ಎಂದರೆ ಅಂಥ ದಾರಿಯಿದೆಯೆ ಎಂಬುದನ್ನು ಯಂತ್ರ ಬೇಗನೆ ಹೇಳಬಲ್ಲದು. ಯಾವ ವೃತ್ತದಲ್ಲಿಯೂ ಎರಡನೆಯ ಬಾರಿ ಕಾಲಿಡಬಾರದು ಎಂಬ ಒಂದೇ ಒಂದು ನಿಬಂಧನೆ ಸೇರಿಸಿದ ಕೂಡಲೇ, ಅದು ಗಣಕ ಶಾಸ್ತ್ರಕ್ಕೆ ತಿಳಿದಿರುವ ಕಠಿಣ ಸಮಸ್ಯೆಗಳ ಗುಂಪಿಗೆ ಸೇರಿಬಿಡುತ್ತದೆ. ಊರು ಎಷ್ಟು ದೊಡ್ಡದಾದರೂ ಬೇಗನೆ ಬಿಡಿಸಬಲ್ಲ ವಿಧಾನ ಈ ಗುಂಪಿನ ಯಾವ ಸಮಸ್ಯೆಗೂ ಇದುವರೆಗೆ ದೊರೆತಿಲ್ಲ. ಪ್ರಶ್ನೆಯ ಭಾಷೆಯನ್ನು ರಚಿಸುವವರು ಇಂಥ ಸಣ್ಣ ನಿಬಂಧನೆಗಳ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು ಎಂಬುದು ಇದರ ತಾತ್ಪರ್ಯ.

ಜಾಲ ಬಂದ ಮೇಲೆ

೧೯೮೯ನೆಯ ಇಸವಿಯಲ್ಲಿಯೇ ಸ್ವಿಟ್ಜರ್ಲೆಂಡಿನ ಜಿನೀವದ ಬಳಿಯಿರುವ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ತರುಣರು ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟಿದ್ದರು. ೧೯೯೩ರಲ್ಲಿ ಆ ಸಂಸ್ಥೆ ಅದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಒಂದು ಪುಟದಲ್ಲಿರುವ ಕೊಂಡಿಯನ್ನು ಒತ್ತಿದರೆ ಇನ್ನೊಂದು ಪುಟ, ಅಲ್ಲಿಂದ ಮತ್ತೊಂದು. ಚುಕ್ಕೆ ಮತ್ತು ಗೆರೆಗಳ ಚಿತ್ರವನ್ನು ಆ ವೇಳೆಗಾಗಲೇ ಹಲವು ವರ್ಷ ಅಭ್ಯಾಸ ಮಾಡಿದ್ದ ಮೆಂಡೆಲ್ಜೋನ್ ಅವರಿಗೆ ಇದು ತಮ್ಮ ಚಿತ್ರವೇ ಜೀವ ತಳೆದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಜಾಲದಲ್ಲಿ ಶೋಧ ಮಾಡುವ ಯಂತ್ರಗಳೂ ಬಂದವು. ಒಂದು ಪದವನ್ನು ಕೊಟ್ಟರೆ ಅದಿರುವ ಪುಟಗಳ ಪಟ್ಟಿಯನ್ನು ಅವು ಕೊಡುತ್ತಿದ್ದವು. ಆದರೆ ಪದವನ್ನು ಹುಡುಕುವುದು ಬೇರೆ, ಪ್ರಶ್ನೆಯನ್ನು ಕೇಳುವುದು ಬೇರೆ. “ಈ ಕಾಲೇಜಿನ ಮೊದಲ ಪುಟದಿಂದ ಹೊರಟು, ಕಾಲೇಜಿನ ಆವರಣ ದಾಟದೆ, ಎರಡು ಹೆಜ್ಜೆಗಳೊಳಗೆ ಸಿಗುವ ಪುಟಗಳಲ್ಲಿ ವಿದ್ಯಾರ್ಥಿನಿಲಯದ ಹೆಸರಿರುವ ಪುಟಗಳು ಯಾವುವು?” ಎಂದು ಪದಶೋಧ ಯಂತ್ರವನ್ನು ಕೇಳುವುದು ಹೇಗೆ?

೧೯೯೬ರಲ್ಲಿ ಮೆಂಡೆಲ್ಜೋನ್, ಜಾರ್ಜ್ ಮಿಹೈಲಾ ಮತ್ತು ತೋವಾ ಮಿಲೋ ಮೂವರೂ ಸೇರಿ ‘ವೆಬ್-ಎಸ್.ಕ್ಯೂ.ಎಲ್.’ ಎಂಬ ಭಾಷೆಯನ್ನು ಪ್ರಕಟಿಸಿದರು. ಇದರ ಜಾಣತನ ಹೀಗಿದೆ. ಇಡೀ ಜಾಲವನ್ನು ಎರಡು ಕೋಷ್ಟಕಗಳೆಂದು ಭಾವಿಸಬೇಕು. ಒಂದು ಪುಟಗಳ ಕೋಷ್ಟಕ. ಪುಟದ ವಿಳಾಸ, ಶೀರ್ಷಿಕೆ, ಒಳಗಿನ ಬರಹ ಮುಂತಾದವು ಅದರ ಅಂಕಣಗಳು. ಇನ್ನೊಂದು ಕೊಂಡಿಗಳ ಕೋಷ್ಟಕ. ಯಾವ ಪುಟದಿಂದ ಯಾವ ಪುಟಕ್ಕೆ, ಕೊಂಡಿಯ ಮೇಲೆ ಬರೆದಿರುವ ಮಾತು ಯಾವುದು ಎಂಬುದು ಅದರಲ್ಲಿರುತ್ತದೆ. ಈ ಕೋಷ್ಟಕಗಳನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಪ್ರಶ್ನೆ ಬಂದಾಗ ಬೇಕಾದಷ್ಟು ಸಾಲುಗಳನ್ನು ಮಾತ್ರ ಜಾಲದಲ್ಲಿ ನಡೆದು ತರಬೇಕು.

ಕೊಂಡಿಗಳಲ್ಲಿಯೂ ಅವರು ಮೂರು ಬಗೆಗಳನ್ನು ಗುರುತಿಸಿದರು. ಒಂದೇ ಪುಟದೊಳಗೆ ಮೇಲೆ ಕೆಳಗೆ ಕರೆದೊಯ್ಯುವ ಕೊಂಡಿ, ಮನೆಯೊಳಗಿನ ಬಾಗಿಲಿದ್ದಂತೆ. ಅದೇ ಯಂತ್ರದಲ್ಲಿರುವ ಬೇರೊಂದು ಪುಟಕ್ಕೆ ಹೋಗುವ ಕೊಂಡಿ, ಊರೊಳಗಿನ ಓಣಿಯಿದ್ದಂತೆ. ದೂರದ ಇನ್ನೊಂದು ಯಂತ್ರಕ್ಕೆ ಹೋಗುವ ಕೊಂಡಿ, ಪರಊರಿನ ರಸ್ತೆಯಿದ್ದಂತೆ. ಒಂದೊಂದಕ್ಕೂ ಭಾಷೆಯಲ್ಲಿ ಬೇರೆ ಬೇರೆ ಬಾಣದ ಗುರುತುಂಟು. ಇಷ್ಟೊಂದು ವಿವರವೇಕೆ ಎಂದು ನೀವು ಕೇಳಬಹುದು. ಮನೆಯೊಳಗೆ ಓಡಾಡಲು ಖರ್ಚಿಲ್ಲ. ಪರಊರಿಗೆ ಹೋಗಿಬರಲು ಸಮಯವೂ ಹಣವೂ ಬೇಕು. ಒಂದು ಪ್ರಶ್ನೆಯಲ್ಲಿ ಎಷ್ಟು ಬಾರಿ ಪರಊರಿನ ಬಾಣವಿದೆ ಎಂಬುದನ್ನು ನೋಡಿಯೇ, ಆ ಪ್ರಶ್ನೆಯ ಖರ್ಚು ಹಿಡಿತದಲ್ಲಿರುತ್ತದೆಯೆ ಇಲ್ಲವೆ ಎಂದು ಮೊದಲೇ ಅಂದಾಜು ಮಾಡಬಹುದೆಂದು ಅವರು ತೋರಿಸಿದರು. ಪ್ರಶ್ನೆಗೂ ಒಂದು ಬೆಲೆಯುಂಟು, ಅದನ್ನು ಕೇಳುವ ಮೊದಲೇ ತಿಳಿಯಬಹುದು ಎಂಬ ಈ ವಿಚಾರ ಬಹಳ ಮೌಲ್ಯವುಳ್ಳದ್ದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ಯಾಂಕಿನ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಬಹುದು. ಜಾಲವನ್ನು ಹಾಗೆ ಓದಿ ಮುಗಿಸುವವರು ಯಾರು? ನಾವು ಓದುತ್ತಿರುವಾಗಲೇ ಪುಟಗಳು ಹುಟ್ಟುತ್ತವೆ, ಅಳಿಯುತ್ತವೆ, ಬದಲಾಗುತ್ತವೆ. ಆದುದರಿಂದ “ಈ ಪುಟಕ್ಕೆ ಕೊಂಡಿ ಹಾಕಿದವರು ಲೋಕದಲ್ಲಿ ಯಾರೂ ಇಲ್ಲವೆ?” ಎಂಬಂಥ ಪ್ರಶ್ನೆಗೆ, ಬರಿಯ ನಡೆದಾಟದಿಂದ ‘ಇಲ್ಲ’ ಎಂದು ಖಂಡಿತವಾಗಿ ಹೇಳಲಾಗದು. ನಡೆಯದೆ ಉಳಿದ ಓಣಿಯಲ್ಲಿ ಒಬ್ಬರಿರಬಹುದು. ಯಾವ ಪ್ರಶ್ನೆಗಳಿಗೆ ಜಾಲದಲ್ಲಿ ನಡೆದು ಉತ್ತರ ಪಡೆಯಬಹುದು, ಯಾವುದಕ್ಕೆ ಆಗದು ಎಂಬ ಗಡಿರೇಖೆಯನ್ನು ೧೯೯೭ರಲ್ಲಿ ಮೆಂಡೆಲ್ಜೋನ್ ಮತ್ತು ಮಿಲೋ ಗಣಿತದ ಮೂಲಕ ಪರಿಶೀಲಿಸಿದರು. ಅದೇ ವರ್ಷ ಸೆರ್ಜ್ ಅಬಿಟ್‌ಬೂಲ್ ಮತ್ತು ವಿಕ್ಟರ್ ವಿಯಾನು ಎಂಬುವರು ಜಾಲವನ್ನು ಕೊನೆಯೇ ಇಲ್ಲದ ವಸ್ತುವೆಂದು ಭಾವಿಸಿ ಇದೇ ಬಗೆಯ ವಿಚಾರವನ್ನು ನಡೆಸಿದರು.

೨೦೦೦ದಲ್ಲಿ ಡಾವೂದ್ ರಫಿಯೇಯಿ ಎಂಬುವರೊಡನೆ ಮೆಂಡೆಲ್ಜೋನ್ ಮತ್ತೊಂದು ಸ್ವಾರಸ್ಯವಾದ ಪ್ರಶ್ನೆಯನ್ನೆತ್ತಿದರು. ಶೋಧಯಂತ್ರವು ವಿಷಯವನ್ನು ಕೊಟ್ಟರೆ ಪುಟವನ್ನು ತೋರಿಸುತ್ತದೆ. ಇವರು ಅದನ್ನು ತಿರುಗಿಸಿ, “ಈ ಪುಟ ಯಾವ ವಿಷಯಕ್ಕಾಗಿ ಹೆಸರಾಗಿದೆ?” ಎಂದು ಕೇಳಿದರು. ಪುಟವು ತನ್ನ ವಿಷಯವಾಗಿ ತಾನೇ ಹೇಳಿಕೊಳ್ಳುವ ಮಾತಿಗಿಂತ, ಅದರತ್ತ ಕೊಂಡಿ ಹಾಕಿದ ಇತರರು ಏನು ಬರೆದಿದ್ದಾರೆ ಎಂಬುದಕ್ಕೆ ಇಲ್ಲಿ ಬೆಲೆ. ಒಬ್ಬ ವೈದ್ಯರ ಹೆಸರುವಾಸಿ ಅವರ ಮನೆಯ ಮುಂದಿನ ಹಲಗೆಯಿಂದ ತಿಳಿಯುವುದಕ್ಕಿಂತ ಊರವರ ಮಾತಿನಿಂದ ಹೆಚ್ಚು ತಿಳಿಯುವುದಷ್ಟೆ.

ಮೆಂಡೆಲ್ಜೋನ್ ೨೦೦೫ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಮಾಹಿತಿ ಶಾಸ್ತ್ರದ ತಾತ್ತ್ವಿಕ ವಿಭಾಗದಲ್ಲಿ, ಕಾಲದ ಪರೀಕ್ಷೆಯಲ್ಲಿ ಗೆದ್ದು ನಿಂತ ಹಳೆಯ ಸಂಶೋಧನೆಗಳಿಗೆ ಕೊಡುವ ಪ್ರಶಸ್ತಿಯೊಂದಕ್ಕೆ ಈಗ ಅವರ ಹೆಸರಿದೆ. ಲ್ಯಾಟಿನ್ ಅಮೆರಿಕದ ವಿದ್ವಾಂಸರು ನಡೆಸುವ ವಿಚಾರಗೋಷ್ಠಿಯೊಂದೂ ಅವರ ಹೆಸರಿನಲ್ಲಿದೆ.

ಮರೆತ ಎಚ್ಚರಿಕೆ ಮರಳಿ ಬಂದುದು

೧೯೮೯ರ ಎಚ್ಚರಿಕೆಯ ಮಾತು ನಿಮಗೆ ನೆನಪಿರಬಹುದು. ಜಾಲದಲ್ಲಿರುವ ಮಾಹಿತಿಯನ್ನು ಕೇಳಲು ‘ಸ್ಪಾರ್ಕಲ್’ ಎಂಬ ಭಾಷೆಯನ್ನು ಜಾಲದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಲಿ ೨೦೦೮ರಲ್ಲಿ ಅಂಗೀಕರಿಸಿತು. ಮುಂದಿನ ಆವೃತ್ತಿಗೆ ‘ಎಷ್ಟು ಬಾರಿಯಾದರೂ’ ಎಂಬ ಹೆಜ್ಜೆಯನ್ನು ಸೇರಿಸಲು ಒಂದು ಕರಡು ಸಿದ್ಧವಾಯಿತು. ಆ ಕರಡಿನಲ್ಲಿ, ಒಂದೇ ಉತ್ತರ ಎಷ್ಟು ದಾರಿಗಳಿಂದ ಸಿಗುತ್ತದೆಯೋ ಅಷ್ಟನ್ನೂ ಎಣಿಸಬೇಕು ಎಂಬರ್ಥದ ನಿಯಮ ಸೇರಿಕೊಂಡಿದ್ದಿತು. ನೋಡಲು ನಿರಪಾಯವಾದ ಸಣ್ಣ ನಿಯಮವೇ. ಆದರೆ ೨೦ ಮಂದಿಯ ಬಡಾವಣೆಯ ಲೆಕ್ಕ ಮಾಡಿದ ನಮಗೆ ಅದರ ಫಲವೇನೆಂದು ಗೊತ್ತು.

೨೦೧೨ರಲ್ಲಿ ಚಿಲಿ ದೇಶದ ಮಾರ್ಸೆಲೊ ಅರೆನಾಸ್, ಸೆಬಾಸ್ಟಿಯನ್ ಕೊಂಕಾ ಮತ್ತು ಹೋರ್ಹೆ ಪೆರೆಸ್ ಒಂದು ಕಡೆ, ಜರ್ಮನಿಯ ಕಾಟ್ಯಾ ಲೋಸೆಮನ್ ಮತ್ತು ವಿಮ್ ಮಾರ್ಟೆನ್ಸ್ ಇನ್ನೊಂದು ಕಡೆ, ಈ ನಿಯಮವನ್ನು ಪರೀಕ್ಷಿಸಿದರು. ಬೆರಳೆಣಿಕೆಯ ಚುಕ್ಕೆಗಳಿರುವ ಪುಟ್ಟ ಚಿತ್ರದಲ್ಲಿಯೂ ಕೆಲವು ಪ್ರಶ್ನೆಗಳಿಗೆ ಉತ್ತರದ ಎಣಿಕೆ ಯಂತ್ರದ ಶಕ್ತಿಯನ್ನೇ ಮೀರಿಹೋಗುತ್ತದೆ ಎಂಬುದು ಬಯಲಾಯಿತು. ನಿಯಮ ರೂಪಿಸುವವರು ಕಿವಿಗೊಟ್ಟರು. ೨೦೧೩ರ ಮಾರ್ಚಿಯಲ್ಲಿ ಹೊರಬಂದ ಅಂತಿಮ ನಿಯಮದಲ್ಲಿ, ಇಂಥ ದಾರಿಗಳಿಗೆ ‘ಇದೆಯೆ, ಇಲ್ಲವೆ?’ ಎಂದಷ್ಟೇ ನೋಡಿದರೆ ಸಾಕು, ಎಣಿಸುವುದು ಬೇಡ ಎಂದು ತಿದ್ದುಪಡಿಯಾಯಿತು. ಸುದ್ದಿ ಮುಟ್ಟಿದವರ ಹೆಸರಿಗೆ ಗುರುತು ಹಾಕುವ ಸುಲಭವಾದ ದಾರಿಯೇ ಗೆದ್ದಿತು. ೨೦೨೪ರಲ್ಲಿ ‘ಜಿ.ಕ್ಯೂ.ಎಲ್.’ ಎಂಬ ಇನ್ನೊಂದು ಭಾಷೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮುದ್ರೆ ಬಿತ್ತು. ಒಂದೇ ಚುಕ್ಕೆಗೆ ಮರಳಿ ಬರಬಹುದೆ, ಅತಿ ಹತ್ತಿರದ ದಾರಿ ಸಾಕೆ ಎಂಬುದನ್ನು ಅದರಲ್ಲಿ ಕೇಳುವವರೇ ಸ್ಪಷ್ಟಪಡಿಸಬಹುದು.

ಕನ್ನಡಿಗರಿಗೆ ಇದರಿಂದೇನು?

ಇದೆಲ್ಲ ದೂರದೇಶದ ಪಂಡಿತರ ವಿಚಾರ, ನಮಗೇನು ಸಂಬಂಧ ಎಂದು ಕೇಳುವವರು ಇರಬಹುದು. ಸಂಬಂಧ ಬಹಳ ಹತ್ತಿರದ್ದೇ.

೨೦೧೨ರ ಅಕ್ಟೋಬರಿನಲ್ಲಿ ‘ವಿಕಿಡೇಟಾ’ ಎಂಬ ಸಾರ್ವಜನಿಕ ಮಾಹಿತಿ ಭಂಡಾರ ಆರಂಭವಾಯಿತು. ವ್ಯಕ್ತಿ, ಊರು, ಪುಸ್ತಕ, ನದಿ, ಹೀಗೆ ೧೦ ಕೋಟಿಗೂ ಹೆಚ್ಚು ವಸ್ತುಗಳು ಅದರಲ್ಲಿ ಚುಕ್ಕೆಗಳಾಗಿ ಕುಳಿತಿವೆ. ಅವುಗಳ ನಡುವೆ ‘ಹುಟ್ಟಿದ ಸ್ಥಳ’, ‘ತಂದೆ’, ‘ಯಾವ ಆಡಳಿತ ವಿಭಾಗಕ್ಕೆ ಸೇರಿದ್ದು’ ಮುಂತಾದ ಗೆರೆಗಳಿವೆ. ಒಂದೊಂದು ವಸ್ತುವಿಗೂ ಒಂದು ಸಂಖ್ಯೆ; ಆ ಸಂಖ್ಯೆಗೆ ಬೇರೆ ಬೇರೆ ಭಾಷೆಗಳಲ್ಲಿ ಹೆಸರುಗಳು. ಬೆಂಗಳೂರಿಗೆ ಅಲ್ಲಿ ‘ಕ್ಯೂ ೧೩೫೫’ ಎಂಬ ಗುರುತು. ಕನ್ನಡದಲ್ಲಿ ನೋಡುವವರಿಗೆ ಅದೇ ಗುರುತು ‘ಬೆಂಗಳೂರು’ ಎಂದು ಕಾಣುತ್ತದೆ. ೨೦೧೫ರಿಂದ ಯಾರು ಬೇಕಾದರೂ ಅದನ್ನು ಸ್ಪಾರ್ಕಲ್ ಭಾಷೆಯಲ್ಲಿ ಪ್ರಶ್ನಿಸಬಹುದು. ಒಂದು ಪ್ರಶ್ನೆಗೆ ೬೦ ಸೆಕೆಂಡುಗಳ ಗಡುವು ಮಾತ್ರ; ಪ್ರಶ್ನೆಗೂ ಬೆಲೆಯುಂಟೆಂಬ ಮಾತು ಇಲ್ಲಿ ಗಡಿಯಾರದ ಮುಳ್ಳಾಗಿ ನಿಂತಿದೆ.

“ಕರ್ನಾಟಕದಲ್ಲಿ ಹುಟ್ಟಿದ ಕವಿಗಳು ಯಾರು ಯಾರು?” ಎಂದು ಕೇಳುತ್ತೇವೆನ್ನಿ. ಕವಿಯ ಹೆಸರಿನ ಮುಂದೆ ನೇರವಾಗಿ ‘ಕರ್ನಾಟಕ’ ಎಂದು ಬರೆದಿರುವುದಿಲ್ಲ. ಒಬ್ಬರು ಹಳ್ಳಿಯಲ್ಲಿ ಹುಟ್ಟಿದವರು. ಹಳ್ಳಿ ತಾಲ್ಲೂಕಿಗೆ ಸೇರಿದ್ದು, ತಾಲ್ಲೂಕು ಜಿಲ್ಲೆಗೆ, ಜಿಲ್ಲೆ ರಾಜ್ಯಕ್ಕೆ. ಇನ್ನೊಬ್ಬರು ಜಿಲ್ಲೆಯ ಮುಖ್ಯ ನಗರದಲ್ಲಿ ಹುಟ್ಟಿದವರು; ಅವರಿಗೆ ಹೆಜ್ಜೆಗಳು ಕಡಮೆ. ಹೆಜ್ಜೆಗಳ ಸಂಖ್ಯೆ ಒಬ್ಬೊಬ್ಬರಿಗೆ ಒಂದೊಂದು. ಆದುದರಿಂದ ‘ಹುಟ್ಟಿದ ಸ್ಥಳ, ಅನಂತರ ಅದು ಸೇರಿದ ವಿಭಾಗ, ಎಷ್ಟು ಬಾರಿಯಾದರೂ, ಕರ್ನಾಟಕ ಸಿಗುವವರೆಗೆ’ ಎಂದು ಕೇಳಬೇಕು. ೧೯೮೭ರಲ್ಲಿ ಟೊರಾಂಟೊದಲ್ಲಿ ರೂಪುಗೊಂಡ ವಿಚಾರವೇ ಇಲ್ಲಿ ನಮ್ಮ ಕವಿಗಳ ಪಟ್ಟಿಯನ್ನು ಹೊರತೆಗೆಯುತ್ತಿದೆ.

ಆದರೆ ಒಂದು ಗೆರೆ ಕಡಿದರೆ? ಕುವೆಂಪು ಅವರು ೧೯೦೪ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಹಿರೇಕೊಡಿಗೆ ಕೊಪ್ಪ ತಾಲ್ಲೂಕಿಗೆ ಸೇರಿದ್ದೆಂಬ ಒಂದು ಸಂಗತಿಯನ್ನು ಯಾರೂ ದಾಖಲಿಸದೆ ಬಿಟ್ಟಿದ್ದರೆ, ಯಂತ್ರ ಹಳ್ಳಿಯವರೆಗೆ ನಡೆದು ಅಲ್ಲಿಯೇ ನಿಂತುಬಿಡುತ್ತದೆ. ಆಗ ಕರ್ನಾಟಕದ ಕವಿಗಳ ಪಟ್ಟಿಯಲ್ಲಿ ಕುವೆಂಪು ಇರುವುದಿಲ್ಲ! ಯಂತ್ರ ತಪ್ಪು ಮಾಡಿದೆಯೆ? ಇಲ್ಲ. ತನ್ನೆದುರಿನ ದಾರಿಯಲ್ಲಿ ಅದು ಸರಿಯಾಗಿಯೇ ನಡೆದಿದೆ. ದಾರಿ ಪೂರ್ಣವಾಗಿರಲಿಲ್ಲ. ಕುವೆಂಪು ಅವರಂಥವರ ವಿಷಯದಲ್ಲಾದರೆ ಯಾರಾದರೂ ಕೂಡಲೇ ಗುರುತಿಸಿ ತಿದ್ದುತ್ತಾರೆ. ಸಣ್ಣ ಊರಿನ ತತ್ತ್ವಪದಕಾರರು, ಬಯಲಾಟದ ಕವಿಗಳು, ಒಂದೇ ಸಂಕಲನ ಪ್ರಕಟಿಸಿ ಮರೆಯಾದ ಲೇಖಕಿಯರು, ಇವರ ಗೆರೆ ಕಡಿದಿದ್ದರೆ ಗುರುತಿಸುವವರು ಯಾರು? ದಾಖಲೆಯಲ್ಲಿ ಇಲ್ಲವೆಂದರೆ ಲೋಕದಲ್ಲಿಯೇ ಇಲ್ಲವೆಂದು ತಿಳಿಯುವ ಅಪಾಯ ಇಲ್ಲಿದೆ. ಕನ್ನಡದಂಥ ಭಾಷೆಗಳಿಗೆ ಈ ಅಪಾಯ ಹೆಚ್ಚು. ಏಕೆಂದರೆ ನಮ್ಮ ಸಂಗತಿಗಳಲ್ಲಿ ಎಷ್ಟೋ ಭಾಗ ಇನ್ನೂ ಹಳೆಯ ಪುಸ್ತಕ, ಪತ್ರಿಕೆ, ಸ್ಮರಣ ಸಂಚಿಕೆಗಳಲ್ಲಿ ಮತ್ತು ಹಿರಿಯರ ನೆನಪಿನಲ್ಲಿ ಉಳಿದಿದೆ.

ಈಗಂತೂ ಕನ್ನಡದಲ್ಲಿಯೇ ಮಾತನಾಡಿಸಿ ಉತ್ತರ ಪಡೆಯುವ ಯಂತ್ರಗಳೂ ಬಂದಿವೆ. ಪ್ರಶ್ನೆಯ ಭಾಷೆಯನ್ನು ಕಲಿಯುವ ಶ್ರಮ ಅವುಗಳಿಂದ ತಪ್ಪಿತು, ನಿಜ. ಆದರೆ ಅವು ನಿರರ್ಗಳವಾಗಿ ಹೇಳಿದ ಮಾತೆಲ್ಲ ಸತ್ಯವೇ ಆಗಬೇಕೆಂದಿಲ್ಲ. ಇಲ್ಲದ್ದನ್ನು ಇದ್ದಂತೆ ಹೇಳುವುದೂ ಉಂಟು. ಪ್ರಶ್ನೆಯ ಭಾಷೆಯಲ್ಲಿ ಕೇಳಿ ಪಡೆದ ಉತ್ತರಕ್ಕೆ ಒಂದು ವಿಶೇಷ ಗುಣವಿದೆ. ಯಾವ ಚುಕ್ಕೆಯಿಂದ ಹೊರಟು, ಯಾವ ಗೆರೆಗಳ ಮೇಲೆ ನಡೆದು ಅದು ಇಲ್ಲಿಗೆ ಬಂದಿತು ಎಂಬುದನ್ನು ನೀವು ಮರಳಿ ನಡೆದು ಪರೀಕ್ಷಿಸಬಹುದು. ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಬಹುದು.

ಮನೆಯಲ್ಲಿ ಯಾರಾದರೂ ಕೈಫೋನಿನಲ್ಲಿ ಒಂದು ಉತ್ತರ ಓದಿ ಹೇಳಿದಾಗ ಮೂರು ಮಾತು ಕೇಳುವ ಅಭ್ಯಾಸ ಮಾಡಿಕೊಳ್ಳಿರಿ: ಇದು ಎಲ್ಲಿಂದ ಹೊರಟಿತು? ಯಾವ ದಾರಿಯಲ್ಲಿ ಬಂದಿತು? ಎಲ್ಲಿ ನಿಂತಿತು? ಉತ್ತರ ನಿಂತುಹೋದ ಜಾಗ ನಿಮ್ಮ ಊರೇ ಆಗಿದ್ದರೆ, ಮುಂದಿನ ಗೆರೆಯನ್ನು ಎಳೆಯಲು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ವಿಕಿಡೇಟಾದಲ್ಲಿ ಆಧಾರಸಮೇತ ಸಂಗತಿಯನ್ನು ಸೇರಿಸಲು ಯಾರಿಗೂ ಅಡ್ಡಿಯಿಲ್ಲ. ನಿಮ್ಮ ಹಳ್ಳಿ ಯಾವ ತಾಲ್ಲೂಕಿಗೆ ಸೇರಿದ್ದು, ಅಲ್ಲಿ ಹುಟ್ಟಿದ ಕವಿ ಯಾರು, ಅವರ ಪುಸ್ತಕ ಅಚ್ಚಾದ ವರ್ಷ ಯಾವುದು, ಇಷ್ಟನ್ನು ಒಂದು ಸಂಜೆ ಕುಳಿತು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿಯೇ ಸೇರಿಸಬಹುದು. ಅಜ್ಜಿಯನ್ನೂ ಜೊತೆಯಲ್ಲಿ ಕೂರಿಸಿಕೊಳ್ಳಿ; ಯಾರಿಗೆ ಯಾರು ಏನಾಗಬೇಕೆಂಬ ವಿಷಯದಲ್ಲಿ ಆಕೆಯ ನೆನಪೇ ಇನ್ನೂ ಹೆಚ್ಚು ಪೂರ್ಣವಾದ ಭಂಡಾರ.